ಅಳಿಸಮ್ಮನಿಗೆ ಗಂಧ

ವೆಂಕಟರತ್ನಮ್ಮನಿಗೆ ಇಂಗ್ಲಿಷಿನಲ್ಲಿ ಒಂದಕ್ಷರವೂ ಬಾರದು. ಆದರೂ ಸೊಸೆಯ ಕಂಪ್ಯೂಟರಿನ ಕೀಬೋರ್ಡಿನಲ್ಲಿರುವ ಅಷ್ಟೊಂದು ಗುಂಡಿಗಳಲ್ಲಿ ಒಂದನ್ನು ಮಾತ್ರ ಆಕೆ ಕಣ್ಣು ಮುಚ್ಚಿಕೊಂಡು ತೋರಿಸಬಲ್ಲಳು. ಬಲಗಡೆಯಲ್ಲಿರುವ ಆ ಗುಂಡಿಯ ಮೇಲೆ ಡಿಲೀಟ್ ಎಂದು ಬರೆದಿದೆಯಂತೆ. ಆಕೆ ಅದಕ್ಕಿಟ್ಟ ಹೆಸರು ಅಳಿಸಮ್ಮ. ಬರೆದದ್ದನ್ನೆಲ್ಲ ನುಂಗಿ ನೀರು ಕುಡಿಯುವ ಗುಂಡಿಗೆ ಇನ್ನೇನೆಂದು ಹೆಸರಿಡಬೇಕು, ನೀವೇ ಹೇಳಿ. ಊರ ಬಾಗಿಲಲ್ಲಿ ಗಂಗಮ್ಮ, ಕೆರೆ ಏರಿಯ ಮೇಲೆ ಸಪ್ಪಲಮ್ಮ, ಮನೆಯೊಳಗೆ ಅಳಿಸಮ್ಮ. ಮೂವರ ಹತ್ತಿರವೂ ಹುಷಾರಾಗಿ ನಡೆದುಕೊಳ್ಳಬೇಕು ಎಂಬುದು ಆಕೆಯ ಗಟ್ಟಿ ನಂಬಿಕೆ.

ಆ ನಂಬಿಕೆ ಬರುವುದಕ್ಕೆ ಕಾರಣವಿತ್ತು. ಕ್ಯಾಸಂಬಳ್ಳಿಗೆ ಎರಡು ಮೈಲಿ ದೂರದ ಆ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಪದ ಹೇಳುವುದಕ್ಕೆ ಮೊದಲು ಕರೆ ಬರುವುದು ವೆಂಕಟರತ್ನಮ್ಮನಿಗೆ. ಅರಿಶಿನ ಕುಟ್ಟುವ ಪದ, ಮದುಮಗಳಿಗೆ ನೀರೆರೆಯುವ ಪದ, ಬೀಗರನ್ನು ಅಣಕಿಸುವ ಪದ, ಹೆಣ್ಣು ಒಪ್ಪಿಸಿಕೊಡುವ ಪದ. ಅರ್ಧ ಕನ್ನಡ, ಅರ್ಧ ತೆಲುಗು. ಒಂದೇ ಸಾಲಿನಲ್ಲಿ ಎರಡೂ ಕೈಕೈ ಹಿಡಿದುಕೊಂಡು ಬರುತ್ತವೆ. ಎಲ್ಲವೂ ಆಕೆಯ ಅವ್ವನಿಂದ ಬಂದವು, ಯಾವುದೂ ಕಾಗದದ ಮೇಲಿಲ್ಲ. ಮೊಮ್ಮಗಳು ಚಂದನಳ ಮದುವೆ ಕಾರ್ತಿಕದಲ್ಲಿ ಎಂದು ಗೊತ್ತಾದ ದಿನ ಸೊಸೆ ಶಶಿರೇಖ ಒಂದು ಮಾತು ಹೇಳಿದಳು. "ಅತ್ತೆ, ಮದುವೆಗೆ ಬಂದವರಿಗೆ ಸ್ಟೀಲ್ ಬಟ್ಟಲು ಕೊಡೋ ಬದಲು ನಿಮ್ಮ ಪದಗಳನ್ನೇ ಪುಸ್ತಕ ಮಾಡಿ ಕೊಡೋಣ. ನೀವು ಹೇಳಿ, ನಾನು ಟೈಪ್ ಮಾಡ್ತೀನಿ."

ಶಶಿರೇಖ ಈ ಕಡೆಯವಳಲ್ಲ. ಅವಳ ಅಪ್ಪ ದಾವಣಗೆರೆ ಕಡೆಯಿಂದ ಕೆಜಿಎಫ್‌ನ ಫ್ಯಾಕ್ಟರಿ ಕೆಲಸಕ್ಕೆ ಬಂದವರು. ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ ಅದೇ ಫ್ಯಾಕ್ಟರಿಯ ಸುಧಾಕರನ ಕೈ ಹಿಡಿದು, ಮೂರು ಹಸು, ಒಂದೂವರೆ ಎಕರೆ ರಾಗಿ ಹೊಲ ಇರುವ ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ತೆಲುಗು ಇವತ್ತಿಗೂ ಅವಳ ಬಾಯಲ್ಲಿ ಎಡವುತ್ತದೆ. ಆದರೂ ಯುಗಾದಿಯಿಂದ ಈಚೆಗೆ ದಿನಾ ಮಧ್ಯಾಹ್ನ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದು ಮಾತನ್ನೂ ಮೂರು ಮೂರು ಸಲ ಕೇಳಿ, ತೊಂಬತ್ತಮೂರು ಪದ ಟೈಪು ಮಾಡಿದ್ದಳು. ಅವಳು "ಇದರರ್ಥ ಏನತ್ತೆ" ಎಂದು ಕೇಳಿದಾಗಲೆಲ್ಲ ವೆಂಕಟರತ್ನಮ್ಮನಿಗೆ ಒಳಗೊಳಗೇ ಹಿಗ್ಗು. ಅರವತ್ತೆಂಟು ವರ್ಷದಲ್ಲಿ ಆಕೆಯನ್ನು ಅರ್ಥ ಕೇಳಿದವರು ಯಾರೂ ಇರಲಿಲ್ಲ.

ತೊಂಬತ್ತಮೂರರಲ್ಲಿ ಒಂದನ್ನು ಶ್ರಾವಣದಲ್ಲಿ ಅಳಿಸಮ್ಮ ನುಂಗಿದಳು. ಒಲೆಯ ಮೇಲೆ ಹಾಲು ಉಕ್ಕಿತೆಂದು ಶಶಿರೇಖ ಗಡಬಡಿಸಿ ಎದ್ದಾಗ ಕೈ ಎಲ್ಲೋ ತಗಲಿತು. ವಾಪಸು ಬಂದು ನೋಡದೆ ಮಾಡದೆ ಸೇವ್ ಒತ್ತಿದಳು. ಪದ ಹೋಗಿತ್ತು. ಹೋದದ್ದು ಗಂಧದ ಪದ. ಧಾರೆಗೆ ಮುಂಚೆ ಗಂಡಿನ ತಾಯಿ ಹೆಣ್ಣಿನ ತಾಯಿಯ ಮೊಣಕೈಗೆ ಗಂಧ ಹಚ್ಚುತ್ತಾ ಹೇಳುವ ಪದ. "ಗಂಧ ತಂದಿವ್ನಿ ಬೀಗತೀ, ಮೊಣಕೈಯ ನೀಡೇ" ಎಂಬ ಮೊದಲ ಸಾಲು ವೆಂಕಟರತ್ನಮ್ಮನಿಗೆ ಬರುತ್ತಿತ್ತು. ಅಲ್ಲಿಗೆ ಬಾಯಿ ನಿಂತುಬಿಡುತ್ತಿತ್ತು. ಮೊದಲ ಸಲ ಅದನ್ನು ಸೊಸೆಗೆ ಬರೆಸಿದ ದಿನ ಆಕೆ ಕಾಮಸಮುದ್ರದ ಮದುವೆಯೊಂದರಿಂದ ಆಗಷ್ಟೇ ಬಂದಿದ್ದಳು, ಕೈಮೇಲಿನ ಗಂಧ ಇನ್ನೂ ಒಣಗಿರಲಿಲ್ಲ. ಪದ ತಾನಾಗಿ ಬಂದಿತ್ತು. ಆಮೇಲೆ ಕುರ್ಚಿಯ ಮೇಲೆ ಕೂತು ಎಷ್ಟು ತಲೆ ಕೆರೆದುಕೊಂಡರೂ ಬರಲಿಲ್ಲ.

ಬೇರೆ ಯಾವ ಪದ ಹೋಗಿದ್ದರೂ ಆಕೆ ಇಷ್ಟು ಕೊರಗುತ್ತಿರಲಿಲ್ಲವೇನೋ. ಶಶಿರೇಖಳ ಮದುವೆಯ ದಿನ ಆ ಪದ ಹೇಳಲೆಂದೇ ವೆಂಕಟರತ್ನಮ್ಮ ಬೆಳಗಿನ ಜಾವ ಎದ್ದು ಬಟ್ಟಲು ತುಂಬ ಗಂಧ ತೇದಿದ್ದಳು. ಹಚ್ಚಿಸಿಕೊಳ್ಳಲು ಬೀಗತಿ ಇರಲಿಲ್ಲ. ಶಶಿರೇಖಳ ತಾಯಿ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಇದ್ದೊಬ್ಬ ಚಿಕ್ಕಮ್ಮ ನಾಚಿಕೊಂಡು ಹಿಂದೆ ಸರಿದರು. ಬಟ್ಟಲು ತುಂಬಿದಂತೆಯೇ ಒಳಗೆ ಹೋಯಿತು. ಆ ದಿನ ಮದುಮಗಳು ಬಟ್ಟಲನ್ನು ನೋಡಿದ ರೀತಿಯನ್ನು ವೆಂಕಟರತ್ನಮ್ಮ ಮರೆತಿಲ್ಲ. ಈಗ ಚಂದನಳ ಮದುವೆಯಲ್ಲಿ ಶಶಿರೇಖಳೇ ಹೆಣ್ಣಿನ ತಾಯಿ. ಗಂಡಿನ ಕಡೆಯ ಹೆಂಗಸರಿಗೆ ಪದ ಗೊತ್ತಿಲ್ಲದಿದ್ದರೂ ಅವರು ಪುಸ್ತಕ ನೋಡಿಕೊಂಡಾದರೂ ಹೇಳಿ, ತನ್ನ ಸೊಸೆಯ ಕೈಗೆ ಗಂಧ ಹಚ್ಚಬೇಕು. ಆಕೆಗಿದ್ದ ಆಸೆ ಇಷ್ಟೇ.

ಹಾಗಾಗಿ ಆಯುಧಪೂಜೆಯ ದಿನ ವೆಂಕಟರತ್ನಮ್ಮ ಒಂದು ಕೆಲಸ ಮಾಡಿದಳು. ಸ್ಕೂಟರು, ಮಿಕ್ಸಿ, ಗ್ಯಾಸ್ ಒಲೆ, ಕುಡುಗೋಲು, ಹಾಲಿನ ಕ್ಯಾನು, ಎಲ್ಲಕ್ಕೂ ಆದ ಹಾಗೆ ಕಂಪ್ಯೂಟರಿಗೂ ಪೂಜೆ ಆಯಿತು. ಶಶಿರೇಖ ಟೀವಿಯಂಥ ಪರದೆಗೊಂದು, ಡಬ್ಬಕ್ಕೊಂದು ಬೊಟ್ಟಿಟ್ಟು, ಕೀಬೋರ್ಡಿಗೆ ಹೂವಿನ ಎಸಳು ಉದುರಿಸಿ ಕೈಮುಗಿದು ಎದ್ದುಹೋದಳು. ಎಲ್ಲರೂ ಕಡಲೆಪುರಿ ತಿನ್ನುತ್ತಾ ಜಗಲಿಯಲ್ಲಿ ಕೂತಾಗ ವೆಂಕಟರತ್ನಮ್ಮ ಒಬ್ಬಳೇ ಒಳಗೆ ಬಂದಳು. ಸಿಟ್ಟಿನ ದೇವತೆಗೆ ಊರಿಗೆಲ್ಲ ಕೊಟ್ಟಷ್ಟೇ ಕೊಟ್ಟರೆ ಸಾಲುತ್ತದೆಯೇ? ಗಂಗಮ್ಮನಿಗೆ ಒಂದು ಹಿಡಿ ಜಾಸ್ತಿ ಅರಿಶಿನ ಹಾಕುವುದಿಲ್ಲವೇ? ಬೆರಳ ತುಂಬ ಗಂಧ ತೆಗೆದು, ಕುಂಕುಮ ಕಲಸಿ, ಚೂರು ಬೆಲ್ಲವನ್ನೂ ಸೇರಿಸಿ, ಅಳಿಸಮ್ಮನ ತಲೆಯ ಮೇಲೆ ಒತ್ತಿ ಒತ್ತಿ ಮೆತ್ತಿದಳು.

"ತಾಯಿ, ತಿಂದಿದ್ದೊಂದು ತಿಂದೆ. ಉಳಿದಿದ್ನ ಮುಟ್ಬೇಡ. ನನ್ ಸೊಸೆ ಬೆರಳು ಸವೆಸ್ಕಂಡವ್ಳೆ" ಎಂದು ಬೇಡಿಕೊಂಡಳು.

ಮಾರನೆಯ ದಿನ ಕಂಪ್ಯೂಟರು ಸರಿಯಾಗಿ ಎದ್ದೇಳಲಿಲ್ಲ. ಗುಂಡಿ ಒತ್ತಿದರೆ ಗುಂಯ್ ಎನ್ನುತ್ತದೆ, ದೀಪ ಹತ್ತುತ್ತದೆ, ಕಪ್ಪು ಪರದೆಯ ಮೇಲೆ ಏನೋ ಒಂದು ಸಾಲು ಮಿಂಚಿ ಮಾಯವಾಗುತ್ತದೆ. ಆಮೇಲೆ ನೀಲಿಯ ಪುಟವೊಂದು ಬಂದು ಕೂರುತ್ತದೆ. ಅದರ ತುಂಬ ಬಿಳಿ ಅಕ್ಷರ, ಅಂಕಿ. ದಿನಾ ಕಾಣಿಸುತ್ತಿದ್ದ ಹಸಿರು ಗುಡ್ಡವೂ ಇಲ್ಲ, ಪದಗಳ ಕಡತವೂ ಇಲ್ಲ. ಆರಿಸಿ ಹಾಕಿದರೂ ಅದೇ, ವೈರು ಕಿತ್ತು ಚುಚ್ಚಿದರೂ ಅದೇ. ಸುಧಾಕರ ಡಬ್ಬದ ಬೆನ್ನಿಗೆ ಎರಡು ಸಲ ತಟ್ಟಿಯೂ ನೋಡಿದ. ಫ್ಯಾಕ್ಟರಿಯಲ್ಲಿ ಕೋಟಿ ರೂಪಾಯಿಯ ಯಂತ್ರಕ್ಕೂ ಅವನು ಮೊದಲು ಮಾಡುವ ಚಿಕಿತ್ಸೆ ಅದೇ ಇರಬೇಕು. ಶಶಿರೇಖ ಹೊರ ಊರಿನಲ್ಲಿ ಕೆಲಸದಲ್ಲಿದ್ದ ಚಂದನಳಿಗೆ ಫೋನು ಮಾಡಿ, ಅವಳೇನೋ ಕೇಳಿದ್ದಕ್ಕೆ ಬೈದು ಇಟ್ಟಳು.

"ಗುರುವಾರಕ್ಕೆ ಪ್ರೆಸ್ಸಿಗೆ ಕೊಡ್ಬೇಕು" ಎಂದಳು ಶಶಿರೇಖ. ಬಂಗಾರಪೇಟೆಯ ಪ್ರೆಸ್ಸಿನವರು ಖಡಾಖಂಡಿತವಾಗಿ ಹೇಳಿದ್ದರು, ಗುರುವಾರ ದಾಟಿದರೆ ಮದುವೆಗೆ ಪುಸ್ತಕ ಇಲ್ಲ ಎಂದು.

ಸುಧಾಕರ ಡಬ್ಬವನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ರಾಬರ್ಟ್‌ಸನ್‌ಪೇಟೆಯ ರಿಪೇರಿ ಅಂಗಡಿಗೆ ಒಯ್ದ. ಸಂಜೆ ಅಂಗಡಿಯವನ ಫೋನು ಬಂತು. "ಅಣ್ಣಾ, ಇದಕ್ಕೆ ಏನೂ ಆಗಿಲ್ಲಣ್ಣಾ. ಸ್ವಿಚ್ ಹಾಕ್ದೆ, ಜಮ್ಮಂತ ಬಂತು. ನಾಲ್ಕು ಸಲ ನೋಡ್ಬಿಟ್ಟೆ. ಧೂಳು ತೆಗ್ದಿದೀನಿ, ಬಂದು ತಕ್ಕೊಂಡೋಗಿ. ನಾಳೆಯಿಂದ ಒಂದ್ವಾರ ನಾನು ಊರಿಗೆ ಹೋಗ್ತೀನಿ." ಮನೆಯವರೆಲ್ಲ ಉಸಿರು ಬಿಟ್ಟರು. ಸುಧಾಕರ ಡಬ್ಬ ತಂದು ಮೇಜಿನ ಕೆಳಗಿಟ್ಟು, ವೈರುಗಳನ್ನು ಸಿಕ್ಕಿಸಿ ಗುಂಡಿ ಒತ್ತಿದ. ನೀಲಿ ಪುಟ.

"ಅಂಗಡೀಲೇ ಪೆನ್ ಡ್ರೈವಿಗೆ ಹಾಕಿಸ್ಕೊಂಡು ಬರಬಾರದಿತ್ತಾ?" ಎಂದಳು ಶಶಿರೇಖ.

"ಸರಿ ಓಗೈತೆ ಅಂದ್ಮೇಲೆ ಯಾಕ್ ಆಕಿಸ್ಲಿ?" ಎಂದ ಸುಧಾಕರ. ಇಬ್ಬರ ಮಾತೂ ನ್ಯಾಯವಾಗಿತ್ತು, ಅದಕ್ಕೇ ಇಬ್ಬರೂ ಮುಖ ಊದಿಸಿಕೊಂಡು ಮಲಗಿದರು.

ವೆಂಕಟರತ್ನಮ್ಮ ಮಾತ್ರ ಚಾಪೆಯ ಮೇಲೆ ಎದ್ದು ಕೂತು ಲೆಕ್ಕ ಹಾಕಿದಳು. ಅಂಗಡಿಯಲ್ಲಿ ಸರಿ, ಮನೆಯಲ್ಲಿ ಇಲ್ಲ ಎಂದರೆ ಏನರ್ಥ? ದೋಷ ಇರುವುದು ಮನೆಯಲ್ಲಿ. ತಾನು ಕೊಟ್ಟದ್ದು ಸಾಲಲಿಲ್ಲ, ಇಲ್ಲವೇ ಕೊಟ್ಟ ರೀತಿ ಸರಿಯಿರಲಿಲ್ಲ. ಮಡಿ ಸೀರೆ ಉಟ್ಟಿದ್ದೆನೇ? ಉಟ್ಟಿದ್ದೆ. ಎಡಗೈ ಬಳಸಿದೆನೇ? ಇಲ್ಲ. ಹಾಗಾದರೆ ಕಡಿಮೆಯಾಗಿದೆ ಅಷ್ಟೇ. ಸೋಮವಾರ ಬೆಳಗ್ಗೆ ಸೊಸೆ ಡೇರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿಕೊಂಡು ಇನ್ನೊಂದು ಬೆರಳು ಗಂಧ ಮೆತ್ತಿದಳು. ಮಂಗಳವಾರ ಮತ್ತೊಂದು. ಮೆತ್ತಿದ ಮೇಲೆ, ಹಳೇ ರವಿಕೆ ಕಣದಲ್ಲಿ ಶಶಿರೇಖ ಹೊಲಿದ ಮುಸುಕನ್ನು ಕೀಬೋರ್ಡಿನ ಮೇಲೆ ಮೊದಲಿನಂತೆಯೇ ಹೊದಿಸುತ್ತಿದ್ದಳು. ಮುಸುಕು ತೆಗೆದರೂ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಹಬ್ಬದಲ್ಲಿ ಇಟ್ಟ ಬೊಟ್ಟು ತಾನಾಗಿ ಉದುರುವ ತನಕ ಒರೆಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಮಿಕ್ಸಿಯ ಮೇಲೂ ಇತ್ತು, ಸ್ಕೂಟರಿನ ಮೇಲೂ ಇತ್ತು, ಅಳಿಸಮ್ಮನ ಮೇಲೂ ಇತ್ತು.

ಮಂಗಳವಾರ ಸಂಜೆ ಸುಧಾಕರ ತನ್ನ ಜೊತೆ ಕೆಲಸ ಮಾಡುವ ಕಾಂತರಾಜನನ್ನು ಕರೆದುಕೊಂಡು ಬಂದ. ಕಾಂತರಾಜ್ ಕಾಫಿ ಕುಡಿದು, ನೀಲಿ ಪುಟ ನೋಡಿ, ಡಬ್ಬಕ್ಕೆ ಕಿವಿಗೊಟ್ಟು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ. "ಡಿಸ್ಕ್ ಹೋಗಿದೆ ಸುಧಾಕರ್. ಒಂದೊಂದ್ಸಲ ಏಳುತ್ತೆ, ಒಂದೊಂದ್ಸಲ ಏಳಲ್ಲ, ಅಂಗಡೀಲಿ ಎದ್ದಿದ್ದು ಅದೃಷ್ಟ. ಇನ್ಮೇಲೆ ಸ್ವಿಚ್ ಹಾಕ್ಬೇಡಿ. ಹಾಕಿದಷ್ಟೂ ಒಳಗಿರೋದು ಅಳಿಸ್ತಾ ಹೋಗುತ್ತೆ."

ಅಳಿಸುತ್ತಾ ಹೋಗುತ್ತದೆ. ಉಳಿದ ಮಾತು ಯಾವುದೂ ವೆಂಕಟರತ್ನಮ್ಮನಿಗೆ ಅರ್ಥವಾಗಲಿಲ್ಲ, ಅದೊಂದು ಅರ್ಥವಾಯಿತು.

ಬುಧವಾರ ಮಧ್ಯಾಹ್ನ ಶಶಿರೇಖ ಇನ್ನೂರು ಹಾಳೆಯ ನೋಟ್‌ಬುಕ್ ಒಂದನ್ನು ಹಿಡಿದುಕೊಂಡು ಅತ್ತೆಯ ಎದುರಿಗೆ ಚಾಪೆಯ ಮೇಲೆ ಕೂತಳು. ಕಣ್ಣು ಕೆಂಪಾಗಿತ್ತು. ದನಗಳ ಕೊಟ್ಟಿಗೆಯಲ್ಲಿ ಅತ್ತು, ಮುಖ ತೊಳೆದುಕೊಂಡು ಬಂದಿದ್ದಳೆಂದು ಯಾರಾದರೂ ಹೇಳಬಹುದಿತ್ತು.

"ಅತ್ತೆ, ಮೊದಲಿಂದ ಹೇಳಿ. ಕೈಯಲ್ಲೇ ಬರೀತೀನಿ. ನಾಳೆ ಹೊತ್ತಿಗೆ ಎಷ್ಟಾಗುತ್ತೋ ಅಷ್ಟು ಕೊಡೋಣ."

ವೆಂಕಟರತ್ನಮ್ಮ ಕಣ್ಣು ಮುಚ್ಚಿ ಶುರು ಮಾಡಿದಳು. ಗಣಪನ ಪದ ಬಂತು. ಅರಿಶಿನದ್ದು ಎರಡು ಬಂದವು. ಮೂರನೆಯದರ ನಡುವೆ ಸಾಲು ತಪ್ಪಿತು. ಹಿಂದಕ್ಕೆ ಹೋಗಿ ಬಂದರೂ ಅದೇ ಜಾಗದಲ್ಲಿ ತಪ್ಪಿತು. ಬಳೆಗಾರನ ಪದದಲ್ಲಿ ಬಳೆಯ ಬಣ್ಣಗಳೇ ಮರೆತುಹೋದವು. ಯುಗಾದಿಯಿಂದ ನಿಧಾನವಾಗಿ, ಒಂದೊಂದು ಕೆಲಸ ಮಾಡುತ್ತಾ ನೆನಪಿಸಿಕೊಂಡು ಹೇಳಿದ್ದು ಈಗ ಹೆದರಿಕೆಯಲ್ಲಿ ಎಲ್ಲಿಂದ ಬರಬೇಕು? ಕಂಪ್ಯೂಟರಿನಲ್ಲಿದೆ ಎಂಬ ಧೈರ್ಯದಲ್ಲಿ ತಾನೇ ಮರೆತುಬಿಟ್ಟೆನೇನೋ ಎನ್ನಿಸಿತು ಆಕೆಗೆ.

"ಪರವಾಗಿಲ್ಲ ಅತ್ತೆ, ಮುಂದಿನದು ಹೇಳಿ" ಎಂದಳು ಶಶಿರೇಖ. ಬರೆಯದೆ ಉಳಿದ ಹಾಳೆಯ ಮೇಲೆ ಒಂದು ತೊಟ್ಟು ಕಣ್ಣೀರು ಬಿತ್ತು. ಅವಳು ಅದನ್ನು ಸೆರಗಿನಿಂದ ಒತ್ತಿದಳು.

ಅಷ್ಟು ಸಾಕಾಯಿತು. ಸೊಸೆಯ ಕಣ್ಣೀರನ್ನು ನೋಡಿಕೊಂಡು ಗುಟ್ಟು ಇಟ್ಟುಕೊಳ್ಳುವ ತಾಕತ್ತು ವೆಂಕಟರತ್ನಮ್ಮನಿಗಿರಲಿಲ್ಲ.

"ನಂದೇ ತಪ್ಪು ಕಣಮ್ಮ ರೇಖಾ" ಎಂದಳು. "ನಾನೇ ಪೂಜೆ ಸರಿಯಾಗ್ ಮಾಡ್ಲಿಲ್ಲ. ಅಮ್ಮೋರು ಮುನಿಸ್ಕಂಡವ್ಳೆ."

"ಯಾವ ಅಮ್ಮನೋರು ಅತ್ತೆ?"

"ಅಳಿಸಮ್ಮ."

ಶಶಿರೇಖ ಪೆನ್ನು ಕೆಳಗಿಟ್ಟಳು. ವೆಂಕಟರತ್ನಮ್ಮ ಒಂದನ್ನೂ ಬಿಡದೆ ಹೇಳಿದಳು. "ಅಬ್ಬದ ದಿನ ಬೆಲ್ಲ ಸೇರ್ಸಿ ಗಂಧ ಇಟ್ಟೆ. ಅವತ್ತಿಂದ್ಲೇ ಇದು ಕೆಟ್ಟಿದ್ದು. ಸಾಲ್ದೇನೋ ಅಂತ ನೀನ್ ಡೇರಿಗೆ ಓದಾಗೆಲ್ಲ ಇಟ್ಟೆ. ನೆನ್ನೆನೂ ಇಟ್ಟೆ. ಈವತ್ತು ಬೆಳಗ್ಗೆ ಒಂದು ಬಟ್ಟಲು ತೇದು ಮಡಗಿವ್ನಿ, ನೀನ್ ಎದ್ದೋದ್ರೆ ಇಡಾಣ ಅಂತ. ಏನಿಟ್ರೂ ಸಿಟ್ಟು ಇಳೀತಿಲ್ಲ. ಸುಧಾಕರಂಗೆ ಏಳ್ಬೇಡಮ್ಮ."

ಶಶಿರೇಖ ದಡಕ್ಕನೆ ಎದ್ದು ಮೇಜಿನ ಹತ್ತಿರ ಹೋಗಿ ಕೀಬೋರ್ಡಿನ ಮುಸುಕು ತೆಗೆದಳು. ಡಿಲೀಟ್ ಗುಂಡಿ ಕಾಣಿಸುತ್ತಲೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಗಂಧ, ಕುಂಕುಮ, ಬೆಲ್ಲ ಸೇರಿ ಒಣಗಿದ ಒಂದು ಸಣ್ಣ ಗುಡ್ಡೆ ಇತ್ತು. ಉಗುರಿನಿಂದ ಕೆರೆದು ನೋಡಿದಳು. ಒಳಗೆ ಗುಂಡಿ ಕೆಳಕ್ಕೆ ಕೂತುಬಿಟ್ಟಿತ್ತು, ಬೆಲ್ಲದ ಅಂಟು ನಾಲ್ಕೂ ಕಡೆಯಿಂದ ಹಿಡಿದಿತ್ತು. ಒತ್ತಿ ಹಿಡಿದ ಹಾಗೆಯೇ ಇತ್ತು, ಹಬ್ಬದ ದಿನದಿಂದ.

"ಅಯ್ಯೋ ಅತ್ತೆ!" ಎಂದವಳೇ ಶಶಿರೇಖ ನಗುವುದಕ್ಕೆ ಶುರುಮಾಡಿದಳು. ನಗುತ್ತಾ ನಗುತ್ತಾ ಕುರ್ಚಿಯ ಮೇಲೆ ಕುಸಿದಳು. ವೆಂಕಟರತ್ನಮ್ಮ ಗಾಬರಿಯಾಗಿ, ಸೊಸೆಗೆ ಏನಾದರೂ ಮೆಟ್ಟಿಕೊಂಡಿತೇ ಎಂದು ಓಡಿಬಂದು ಬೆನ್ನು ಸವರಿದಳು.

"ಚಂದನ ಫೋನಲ್ಲಿ ಹೇಳಿದ್ದಳು ಅತ್ತೆ. ಕಂಪ್ಯೂಟರ್ ಏಳೋ ಹೊತ್ತಲ್ಲಿ ಯಾರಾದರೂ ಡಿಲೀಟ್ ಒತ್ತಿ ಹಿಡಿದರೆ ಆ ನೀಲಿ ಪುಟ ಬರುತ್ತೆ, ಅದು ಅದರ ಒಳಮನೆ ಅಂತ. ನೀವ್ಯಾರೂ ಒತ್ತಿಲ್ಲ ತಾನೇ ಅಂದಳು. ಯಾರೇ ಒತ್ತುತ್ತಾರೆ ಅಂತ ನಾನೇ ಬೈದೆ. ಅಂಗಡಿಗೆ ನಾವು ಡಬ್ಬ ಮಾತ್ರ ಕಳಿಸಿದ್ದು, ಕೀಬೋರ್ಡ್ ಇಲ್ಲೇ ಇತ್ತಲ್ಲ. ಅವನು ತನ್ನ ಕೀಬೋರ್ಡ್ ಹಾಕಿ ನೋಡಿದ, ಜಮ್ಮಂತ ಬಂತು!"

"ಅಂಗಂದ್ರೆ ಅಮ್ಮೋರು ಮುನಿಸ್ಕಂಡಿಲ್ವಾ?"

"ನೀವು ತಲೆ ಮೇಲೆ ಕೂತಿದ್ರಿ, ಪಾಪ, ಅವಳು ಏಳೋದು ಹೆಂಗೆ?"

ಹಳೇ ಹಲ್ಲುಜ್ಜುವ ಬ್ರಷ್ಷು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಬಂದವು. ಶಶಿರೇಖ ಕೀಬೋರ್ಡಿನ ವೈರು ಕಿತ್ತು, ಚಮಚದ ಹಿಡಿಯಿಂದ ಗುಂಡಿಯನ್ನು ಮೆಲ್ಲಗೆ ಮೀಟಿ ಎಬ್ಬಿಸಿದಳು. ಟಪ್ ಎಂದು ಅಳಿಸಮ್ಮ ಅಂಗೈಗೆ ಬಂದಳು. ಎಲ್ಲ ಬಿಟ್ಟು ಇಷ್ಟೇ ಇಷ್ಟು ಪ್ಲಾಸ್ಟಿಕ್ಕು! ಈ ಚೂರಿಗೆ ತಾನು ಇಷ್ಟು ಹೆದರಿದೆನೇ ಎಂದು ವೆಂಕಟರತ್ನಮ್ಮನಿಗೆ ನಾಚಿಕೆಯಾಯಿತು. ಆದರೂ ಅದನ್ನು ಬ್ರಷ್ಷಿನಲ್ಲಿ ಉಜ್ಜುವ ಮುಂಚೆ ಕಣ್ಣಿಗೊತ್ತಿಕೊಂಡಳು. ತಳದ ಜಾಗವನ್ನೂ ಒರೆಸಿ, ತೇವ ಆರುವ ತನಕ ಕಾದು, ಗುಂಡಿಯನ್ನು ಮತ್ತೆ ಕೂರಿಸಿ ಒತ್ತಿದರೆ ಮೇಲಕ್ಕೆ ಚಿಮ್ಮಿ ಬಂತು.

ಇನ್ನು ಸ್ವಿಚ್ಚು. ಕಾಂತರಾಜ್ ಹೇಳಿದ ಮಾತು ಇಬ್ಬರಿಗೂ ನೆನಪಿತ್ತು. ಶಶಿರೇಖ ಡಬ್ಬದ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅತ್ತೆಯ ಕಡೆ ನೋಡಿದಳು. ವೆಂಕಟರತ್ನಮ್ಮ ತಾನೂ ತನ್ನ ಬೆರಳನ್ನು ಅವಳ ಬೆರಳಿನ ಮೇಲಿಟ್ಟಳು. ಇಬ್ಬರೂ ಸೇರಿ ಒತ್ತಿದರು. ಗುಂಯ್ ಎಂದಿತು. ಕಪ್ಪು ಪರದೆಯ ಮೇಲೆ ಆ ಸಾಲು ಮಿಂಚಿ ಹೋಯಿತು. ವೆಂಕಟರತ್ನಮ್ಮ ನೀಲಿಗಾಗಿ ಕಾದಳು. ನೀಲಿ ಬರಲಿಲ್ಲ. ಹಸಿರು ಗುಡ್ಡ ಬಂತು.

ಶಶಿರೇಖ ಕಡತ ತೆರೆದು ಮೊದಲಿಂದ ಕೊನೆಯವರೆಗೂ ಓಡಿಸಿದಳು. ತೊಂಬತ್ತೆರಡೂ ಇದ್ದವು. ಬಳೆಯ ಬಣ್ಣಗಳೂ ಇದ್ದವು. ಮೊದಲು ಪೆನ್ ಡ್ರೈವಿಗೆ ಹಾಕಿದಳು, ಆಮೇಲೆ ಚಂದನಳ ಫೋನಿಗೆ ಕಳಿಸಿದಳು, ಅಷ್ಟಾದ ಮೇಲೆ ಅತ್ತೆಯನ್ನು ತಬ್ಬಿಕೊಂಡಳು. ಆ ಮನೆಯಲ್ಲಿ ಅತ್ತೆ ಸೊಸೆ ತಬ್ಬಿಕೊಳ್ಳುವ ರೂಢಿ ಇರಲಿಲ್ಲ, ಹಾಗಾಗಿ ಇಬ್ಬರಿಗೂ ಕೈ ಎಲ್ಲಿಡಬೇಕೆಂದು ಸರಿಯಾಗಿ ಗೊತ್ತಾಗಲಿಲ್ಲ.

"ಇವರು ಬಂದು ಏನಾಗಿತ್ತು ಅಂತ ಕೇಳಿದರೆ ಧೂಳು ಕೂತಿತ್ತು ಅಂತೀನಿ. ನೀವು ಸುಮ್ಮನಿರಿ" ಎಂದಳು ಶಶಿರೇಖ. ಆಮೇಲೆ ಕಿಟಕಿಯ ಕಟ್ಟೆಯ ಮೇಲಿದ್ದ ಬಟ್ಟಲು ನೋಡಿ ಮತ್ತೆ ನಗು ಬಂತು. "ಇಷ್ಟೊಂದು ತೇದಿದೀರಲ್ಲ ಅತ್ತೆ, ಇದನ್ನೇನು ಮಾಡೋದು?"

"ಗಂಧ ಚೆಲ್ಬಾರ್ದು" ಎಂದಳು ವೆಂಕಟರತ್ನಮ್ಮ. "ಕೈ ನೀಡು ಇಲ್ಲಿ."

ಶಶಿರೇಖ ನಗುತ್ತಲೇ ಎಡಗೈ ಚಾಚಿದಳು. ವೆಂಕಟರತ್ನಮ್ಮ ಅಂಗೈ ತುಂಬ ಗಂಧ ತೆಗೆದುಕೊಂಡು ಸೊಸೆಯ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಸಮ ಎಳೆದಳು. ತಣ್ಣನೆಯ ಗಂಧ, ಬೆಚ್ಚನೆಯ ಕೈ. ಇಪ್ಪತ್ತಾರು ವರ್ಷದ ಹಿಂದೆ ತುಂಬಿದಂತೆಯೇ ಒಳಗೆ ಹೋದ ಬಟ್ಟಲು ಆಕೆಯ ಕಣ್ಣಮುಂದೆ ಬಂತು. ಏನು ಹೇಳಬೇಕೆಂದು ಹುಡುಕಲಿಲ್ಲ. ಅಂಗೈ ಮೊಣಕೈ ಮುಟ್ಟುವ ಹೊತ್ತಿಗೆ ಬಾಯಿ ತಾನಾಗಿ ತೆರೆದುಕೊಂಡಿತು.

"ಗಂಧ ತಂದಿವ್ನಿ ಬೀಗತೀ, ಮೊಣಕೈಯ ನೀಡೇ
ಬಂದ ಬಿಂಕಾನೆಲ್ಲ ಬಾಗ್ಲಾಗೆ ಬಿಡೇ
ನಿನ್ನೊಟ್ಟೆ ಕೂಸಿಗೆ ನಮ್ಮಟ್ಟಿ ಮಡಿಲು
ಇನ್ಯಾಕೆ ಕಣ್ಣೀರು, ನಾನವ್ಳ ತಾಯೇ"

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆನೆಂದು ವೆಂಕಟರತ್ನಮ್ಮನಿಗೆ ಗೊತ್ತಾಯಿತು. "ಬಂತು! ಬಂತು ಕಣಮ್ಮ! ಬರ್ಕೊ, ಬೇಗ ಬರ್ಕೊ, ಮತ್ತೆ ಓಗ್ಬಿಡ್ತದೆ" ಎಂದು ಸೊಸೆಯನ್ನು ಕಂಪ್ಯೂಟರಿನ ಕಡೆ ನೂಕಿದಳು.

ಶಶಿರೇಖ ಅಲುಗಲಿಲ್ಲ. ಗಂಧ ಹಚ್ಚಿದ ಕೈಯನ್ನು ಚಾಚಿಕೊಂಡೇ ಕೂತಿದ್ದಳು. ಕಣ್ಣು ತುಂಬಿ ಬಂದು ಅವಳಿಗೆ ಒಂದು ಗುಂಡಿಯೂ ಕಾಣುತ್ತಿರಲಿಲ್ಲ.

"ಕೊನೇ ಸಾಲು ಸರಿಯಾಗಿ ಕೇಳಿಸಲಿಲ್ಲ ಅತ್ತೆ" ಎಂದಳು. "ಇನ್ನೊಂದು ಸಲ ಹೇಳಿ."

ಹಾಗೆಂದು ಬಲಗೈಯನ್ನೂ ಚಾಚಿದಳು.